ಬುಡ ಉಳಿಸಿ ಅಗೆಯುವುದು

ನನ್ನ ತವರು ಕೃಷ್ಣಾ ಹೊಳೆಯ ದಂಡೆಯ ಊರು, ಯಡೂರಿಗೆ ಹತ್ತಿರ. ಕಬ್ಬು, ಅರಿಶಿನ, ಬೇಸಿಗೆಯಲ್ಲೂ ಹರಿಯುವ ಕಾಲುವೆ. ನೀರಿಗೆ ಕೊರತೆಯಿಲ್ಲದ ಕಡೆ ಹುಟ್ಟಿದವರಿಗೆ ಸ್ವಲ್ಪ ಸೊಕ್ಕು ಇರುತ್ತದೆ. ನನಗೆ ಸ್ವಲ್ಪ ಹೆಚ್ಚೇ ಇತ್ತು. ಎಂಬತ್ತರ ದಶಕದ ನಡುವಿನಲ್ಲಿ ಚಿಕ್ಕೋಡಿಗೂ ರಾಯಬಾಗಕ್ಕೂ ನಡುವಿನ ಒಂದು ಒಣಭೂಮಿಯ ಊರಿಗೆ ಸೊಸೆಯಾಗಿ ಬಂದು ಬಸ್ಸಿನಿಂದ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಊರ ಹಿಂದಿನ ಗುಡ್ಡ. ಕಲ್ಲು, ಪಾಪಾಸಕಳ್ಳಿ, ಅಲ್ಲೊಂದು ಇಲ್ಲೊಂದು ಜಾಲಿ. ನಮ್ಮಪ್ಪ ನೋಡಿ ನೋಡಿ ನನ್ನನ್ನು ಕಲ್ಲಿನ ರಾಶಿಗೆ ಕೊಟ್ಟನಲ್ಲ ಎಂದು ಹೊಟ್ಟೆ ಉರಿದುಹೋಯಿತು. ಆ ಸಿಟ್ಟನ್ನು ಒಂದು ವರ್ಷ ಗಂಡನ ಮೇಲೆ ತೀರಿಸಿಕೊಂಡೆ. ಅವರು ಪಾಪ, ನಕ್ಕು ಸುಮ್ಮನಾಗುತ್ತಿದ್ದರು.

ಆ ಗುಡ್ಡ ಊರಿನ ಗಾಯರಾಣ, ಎಂದರೆ ದನ ಮೇಯಿಸಲು ಎಲ್ಲರಿಗೂ ಬಿಟ್ಟ ಜಾಗ. ಅಲ್ಲಿ ತಾಯಿಬೇರು ಬೆಳೆಯುತ್ತಿತ್ತು. ಪುಸ್ತಕದಲ್ಲಿ ಅದನ್ನು ಶತಾವರಿ ಎನ್ನುತ್ತಾರೆ. ಹಲವು ಮಕ್ಕಳ ತಾಯಿಬೇರು ಎಂದು ಉದ್ದಕ್ಕೆ ಹೇಳುವವರೂ ಇದ್ದಾರೆ. ಮುಳ್ಳಿನ ಬಳ್ಳಿ, ಎಲೆ ಸೂಜಿಯ ಹಾಗೆ. ಮಳೆಗಾಲದಲ್ಲಿ ಬಿಳಿಯ ಸಣ್ಣ ಹೂವು, ಚಳಿಗಾಲದಲ್ಲಿ ಕೆಂಪು ಹಣ್ಣು. ಬೇಸಿಗೆ ಬಂತೆಂದರೆ ಬಳ್ಳಿ ಒಣಗಿ ಹೋಗುತ್ತದೆ, ಅಲ್ಲೊಂದು ಗಿಡವಿತ್ತು ಎಂದು ಹೇಳುವಂತೆಯೇ ಇರುವುದಿಲ್ಲ. ಆದರೆ ನೆಲದೊಳಗೆ ಅದರ ಬುಡದ ಸುತ್ತ ಬೆರಳು ಗಾತ್ರದ ಬೇರುಗಳು ಗೊಂಚಲಾಗಿ ಕೂತಿರುತ್ತವೆ, ಒಂದು ಬುಡಕ್ಕೆ ಇಪ್ಪತ್ತು, ಮೂವತ್ತು. ಅದರ ಸಿಪ್ಪೆ ಸುಲಿದು, ನಡುವಿನ ನಾರು ಎಳೆದು ತೆಗೆದು, ಹಾಲಿನಲ್ಲಿ ಕುದಿಸಿ, ಬೆಲ್ಲ ಹಾಕಿ ಬಾಣಂತಿಗೆ ಕೊಟ್ಟರೆ ಎದೆಹಾಲು ಇಳಿಯುತ್ತದೆ ಎಂದು ನಂಬಿಕೆ. ಈದ ಎಮ್ಮೆಗೂ ಕೊಡುತ್ತಿದ್ದರು.

ಬೇರು ಬೇಕಾದವರು ಬರುತ್ತಿದ್ದದ್ದು ನಮ್ಮ ಅತ್ತೆಯ ಹತ್ತಿರ. ಅವರೇನು ವೈದ್ಯರಲ್ಲ. ಸಣ್ಣ ಆಳು, ಮಾತು ಕಡಿಮೆ, ಬೆಳಗ್ಗೆ ಸಂಜೆ ಕಟ್ಟೆಯ ಮೇಲೆ ಕೂತು ಸುಟ್ಟ ತಂಬಾಕಿನ ಪುಡಿ, ಮಿಸರಿ, ಹಲ್ಲಿಗೆ ತಿಕ್ಕುವುದೊಂದೇ ಚಟ. ಅವರ ಅತ್ತೆ ಅಗೆಯುತ್ತಿದ್ದರು, ಆಮೇಲೆ ಇವರು. ಊರಿನ ಯಾವ ಓಣಿಯಲ್ಲಿ ಹೆರಿಗೆಯಾದರೂ ಮೂರನೆಯ ದಿನಕ್ಕೆ ಒಬ್ಬರು ಬಂದು 'ಆಯಿ, ಬೇರ ಬೇಕಾಗಿತ್ರಿ' ಎನ್ನುತ್ತಿದ್ದರು. ಅತ್ತೆ ಬೇರನ್ನು ಹಾಗೇ ಕೊಡುತ್ತಿದ್ದರು. ತೆಗೆದುಕೊಂಡವರು ಯಾವಾಗಲಾದರೂ ಒಂದು ಸೇರು ಕಡಲೆಯನ್ನೋ ಒಂದು ಕುಂಬಳಕಾಯಿಯನ್ನೋ ತಂದು ಇಟ್ಟು ಹೋಗುತ್ತಿದ್ದರು.

ಮೊದಲ ವರ್ಷದ ಚಳಿಗಾಲದಲ್ಲಿ ನನ್ನನ್ನೂ ಗುಡ್ಡಕ್ಕೆ ಕರೆದುಕೊಂಡು ಹೋದರು. ಕೆಂಪು ಹಣ್ಣು ಪೂರ್ತಿ ಉದುರುವವರೆಗೆ ಅವರು ಒಂದು ಬುಡವನ್ನೂ ಮುಟ್ಟುತ್ತಿರಲಿಲ್ಲ. ಕುರ್ಪಿಯಿಂದ ಒಂದೇ ಮಗ್ಗುಲಲ್ಲಿ ಮಣ್ಣು ಕೆದರಿ, ಆ ಕಡೆಯ ಬೇರುಗಳನ್ನಷ್ಟೇ ಬಿಡಿಸಿಕೊಂಡು, ಬುಡವನ್ನು ಅಲುಗಾಡಿಸದೆ ಮಣ್ಣು ಮುಚ್ಚಿ, ಕಾಲಿನಿಂದ ಒತ್ತಿ, ಅಗೆದ ಮಗ್ಗುಲಿಗೆ ಒಂದು ಕಲ್ಲು ಇಡುತ್ತಿದ್ದರು. ಕಲ್ಲು ಇದ್ದ ಗಿಡಕ್ಕೆ ಇನ್ನೆರಡು ವರ್ಷ ಕೈ ಹಾಕುವಂತಿಲ್ಲ. ಆಮೇಲೆ ಅಗೆಯುವುದಾದರೂ ಇನ್ನೊಂದು ಮಗ್ಗುಲು.

"ಇಷ್ಟ ಕಷ್ಟಾ ಯಾಕ್ರಿ ಅತ್ತಿ? ಪೂರಾ ಕಿತ್ರ ಒಂದ ಬುಡದಾಗ ಬುಟ್ಟಿ ತುಂಬತೈತಿ" ಎಂದೆ. ನಮ್ಮ ಕಡೆ ಅರಿಶಿನ ಕೀಳುವುದನ್ನು ನೋಡಿ ಬೆಳೆದವಳು ನಾನು. ಮಡಿಗೆ ಮಡಿಯೇ ಎಬ್ಬಿಸಿ ಹಾಕುತ್ತೇವೆ.

"ನಾಳೆ ಮತ್ತೊಬ್ಬಾಕಿ ಹಡಿಯೂದಿಲ್ಲೇನ್ವಾ?" ಎಂದರು ಅತ್ತೆ. ಅಷ್ಟೇ. ನನಗೆ ಅದು ಉತ್ತರ ಅನ್ನಿಸಲೇ ಇಲ್ಲ.

ಮೂರನೆಯ ಬೇಸಿಗೆಯಲ್ಲಿ ಅತ್ತೆ ಅಥಣಿಯ ಕಡೆ ತಮ್ಮ ಅಣ್ಣನ ಮನೆಗೆ ಲಗ್ನಕ್ಕೆಂದು ಹೋದರು. ಅಣ್ಣನಿಗೆ ಜ್ವರ ಬಂದು ಅಲ್ಲೇ ಒಂದೂವರೆ ತಿಂಗಳು ಉಳಿಯಬೇಕಾಯಿತು. ಆಗಲೇ ನಿಪ್ಪಾಣಿ ಕಡೆಯಿಂದ ಒಬ್ಬ ವ್ಯಾಪಾರಿ ಟೆಂಪೊ ತೆಗೆದುಕೊಂಡು ಬಂದ. ಬಿಳಿ ಟೋಪಿ, ಬಾಯಿ ತುಂಬ ಎಲೆ ಅಡಿಕೆ, ಅರ್ಧ ಮರಾಠಿ ಅರ್ಧ ಕನ್ನಡ. ಔಷಧದ ಕಾರ್ಖಾನೆಗೆ ಬೇರು ಬೇಕು, ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತೇನೆ ಎಂದ. ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಕೈಯಿಂದ ಚಹಾ ಕುಡಿದ.

"ಪಣ ವೈನಿ, ಬಳ್ಳಿ ಸಗಳಾ ಒಣಗಿ ಹೋಗ್ಯಾವ್ರಿ. ಎಲ್ಲಿ ಅಗಿಯೂದ, ತಿಳಿವಲ್ತ" ಎಂದು, ನನ್ನನ್ನು ಅತ್ತಿಗೆ ಮಾಡಿಕೊಂಡು, ಗುಡ್ಡದ ಕಡೆ ನೋಡಿ ನಿಟ್ಟುಸಿರು ಬಿಟ್ಟ.

ಅವನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾನಾಗಿಯೇ ಬಾಯಿ ಬಿಟ್ಟೆ. ಊರಿನ ಹೆಂಗಸರಿಗೆ ನಾಲ್ಕು ದಿನ ಕೂಲಿ ಸಿಗುತ್ತದಲ್ಲ ಎಂಬುದು ಒಂದು, ನನಗೂ ಒಂದು ಹೊಲಿಗೆ ಯಂತ್ರದ ಆಸೆಯಿತ್ತು ಎಂಬುದು ಇನ್ನೊಂದು. ಇವೆರಡಕ್ಕಿಂತ ದೊಡ್ಡದು, ಗುಡ್ಡದ ಗುಟ್ಟು ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಪಲ. "ಕಲ್ಲ ಹುಡಕ್ರಿ. ಒಂದೊಂದ ಸಣ್ಣ ಕಲ್ಲ ಮಣ್ಣಾಗ ಒತ್ತಿ ಇಟ್ಟಿರತಾರ. ಅದರ ಮಗ್ಗಲಕ್ಕ ಬುಡ ಇರತೈತಿ" ಎಂದೆ.

ಈ ಗಿಡದ ಬೇರು ತೆಗೆದಾಗಿದೆ, ಮುಟ್ಟಬೇಡಿ ಎಂದು ಹೇಳಲು ನಮ್ಮ ಅತ್ತೆ, ಅವರ ಅತ್ತೆ ಇಟ್ಟ ಕಲ್ಲುಗಳವು. ಅವನ್ನೇ ನಾನು ಕಳ್ಳನಿಗೆ ಬಾಗಿಲು ತೋರಿಸಿದ ಹಾಗೆ ತೋರಿಸಿಬಿಟ್ಟೆ. ಮರುದಿನದಿಂದ ಗುಡ್ಡದ ಮೇಲೆ ಹಾರೆ, ಗುದ್ದಲಿ, ಚೀಲ. ಮೊದಲ ನಾಲ್ಕು ದಿನ ನಾನೂ ಹೋಗಿ ಅಗೆದೆ, ಸುಳ್ಳು ಯಾಕೆ ಹೇಳಲಿ. ಬೇರು ಕೊಯ್ದುಕೊಂಡು ಬುಡವನ್ನು ಬಿಸಿಲಿಗೆ ಎಸೆದರೆ ಅದು ಸಂಜೆಯೊಳಗೆ ಕಟ್ಟಿಗೆಯಂತಾಗುತ್ತಿತ್ತು. ಮೊದಲು ನಮ್ಮ ಊರಿನವರಷ್ಟೇ ಇದ್ದರು, ಆಮೇಲೆ ಪಕ್ಕದ ಊರುಗಳಿಂದಲೂ ಬಂದರು. ಟೆಂಪೊ ಒಂದಾದ ಮೇಲೊಂದು ತುಂಬಿ ಹೋಯಿತು. ತಿಂಗಳು ಮುಗಿಯುವಷ್ಟರಲ್ಲಿ ಗುಡ್ಡದ ತುಂಬ ಗುಂಡಿ. ಹೊಲಿಗೆ ಯಂತ್ರ ಬರಲಿಲ್ಲ. ಬಂದ ದುಡ್ಡು ಎಲ್ಲಿ ಹೋಯಿತು ಎಂಬುದು ಇವತ್ತಿಗೂ ನೆನಪಿಲ್ಲ.

ಅತ್ತೆ ಬಸ್ಸಿನಿಂದ ಇಳಿದು ಬಂದವರು ಕೈಚೀಲವನ್ನು ಕಟ್ಟೆಯ ಮೇಲೆ ಇಟ್ಟು ಗುಡ್ಡವನ್ನೇ ನೋಡುತ್ತ ನಿಂತರು. 

"ಕಲ್ಲಿನ ಮಾತ ಯಾರ ಹೇಳಿದ್ರ?" ಎಂದು ಕೇಳಿದರು.

"ನಾನ ಹೇಳೀನ್ರಿ."

ಬೈಯುತ್ತಾರೆ ಎಂದು ಕಾದೆ. ನನಗೆ ಬೈಗುಳ ಹೊಸದಲ್ಲ, ಎದುರು ಮಾತು ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅವರು ಬೈಯಲಿಲ್ಲ. ಒಳಗೆ ಹೋಗಿ ಕಾಲು ತೊಳೆದು, ರೊಟ್ಟಿ ಬಡಿಯಲು ಕೂತರು. ಅವತ್ತಿನಿಂದ ಎಷ್ಟೋ ದಿನ ಗುಡ್ಡದ ಮಾತು ಎತ್ತಲಿಲ್ಲ, ಗುಡ್ಡಕ್ಕೆ ಕಾಲಿಡಲೂ ಇಲ್ಲ. ಬೈದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ನಮ್ಮ ಓಣಿಯಲ್ಲೇ ಒಬ್ಬಳಿಗೆ ಹೆರಿಗೆಯಾಯಿತು. ಅವಳ ಅತ್ತೆ ಬಂದು ಎಂದಿನಂತೆ ಬೇರು ಕೇಳಿದಳು. ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. "ಗುಡ್ಡದಾಗ ಇಲ್ಲವ್ವಾ. ಚಿಕ್ಕೋಡಿ ಅಂಗಡ್ಯಾಗ ಡಬ್ಬಿ ಸಿಗತಾವಂತ, ತರಿಸಿಕೋ" ಎಂದರು ಅತ್ತೆ. ಅವರ ದನಿ ಯಾರ ಮುಂದೆಯೂ ಹಾಗೆ ಇಳಿದದ್ದನ್ನು ನಾನು ಕೇಳಿರಲಿಲ್ಲ. ನಾನು ಮೊರ ಕೆಳಗಿಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಗುಡ್ಡದ ಮೇಲೆ ಮತ್ತೆ ತಾಯಿಬೇರು ಎಬ್ಬಿಸಬೇಕು, ಕೇಳಿಕೊಂಡು ಬಂದವರಿಗೆ ನಮ್ಮ ಅತ್ತೆ ಇಲ್ಲ ಎನ್ನುವಂತೆ ಆಗಬಾರದು ಎಂಬ ಹಟ ನನಗೆ ಹಿಡಿದದ್ದು ಅವತ್ತು.

ನಾನು ಅಗೆದ ಬೇರಿನಲ್ಲಿ ಒಂದು ಬುಟ್ಟಿಯಷ್ಟನ್ನು ಮನೆಗೆಂದು ಮರಳಿನಲ್ಲಿ ಹೂತಿಟ್ಟಿದ್ದೆ. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಬಿದ್ದ ಮೂರನೆಯ ದಿನ ಅದನ್ನು ಹೊತ್ತುಕೊಂಡು ಗುಡ್ಡ ಹತ್ತಿದೆ. ನಮ್ಮ ತವರಿನಲ್ಲಿ ಅರಿಶಿನ ನಾಟುವುದು ಹೇಗೋ ಹಾಗೇ. ಗೇಣಿಗೊಂದು ತಗ್ಗು, ತಗ್ಗಿಗೊಂದು ಬೇರು, ಮೇಲೆ ಬೂದಿ, ಮೇಲೆ ತಿಪ್ಪೆ ಗೊಬ್ಬರ. ಅರಿಶಿನದ ಕೊಂಬು ಮೊಳೆಯುತ್ತದೆ, ಕಬ್ಬಿನ ತುಂಡು ಮೊಳೆಯುತ್ತದೆ, ಇದಕ್ಕೇನು ಧಾಡಿ? ಐದು ದಿನ ಸೊಂಟ ಮುರಿಯುವಂತೆ ದುಡಿದೆ.

"ಏನ, ಗುಡ್ಡಕ್ಕ ಅರಿಷಿಣಾ ಹಚ್ಚಾಕತ್ತೀಯೇನ? ಲಗ್ನಾ ಯಾವಾಗ?" ಎಂದರು ನಮ್ಮ ಯಜಮಾನರು.

"ನಿಮ್ಮ ಕಡಿಂದ ಏನೂ ಆಗೂದಿಲ್ಲ, ಮಾಡವರನ್ನರೆ ಸುಮ್ಮ ಬಿಡ್ರಿ" ಎಂದು ಹರಿಹಾಯ್ದೆ. ಅವರು ಮರುದಿನ ಎರಡು ಬುಟ್ಟಿ ಗೊಬ್ಬರ ಹೊತ್ತು ತಂದು ಕೊಟ್ಟರು.

ಒಂದು ತಿಂಗಳಾಯಿತು. ಹುಲ್ಲು ಎದ್ದಿತು, ನನ್ನ ತಗ್ಗುಗಳಲ್ಲಿ ಮಾತ್ರ ಏನೂ ಏಳಲಿಲ್ಲ. ಒಂದನ್ನು ಕೆದರಿ ನೋಡಿದೆ. ಬೇರು ಕೊಳೆತು ಲೋಳೆಯಾಗಿತ್ತು, ಬೆರಳಿಗೆ ಅಂಟಿಕೊಂಡು ನಾರಿತು. ಇನ್ನೊಂದು, ಮತ್ತೊಂದು. ಎಲ್ಲವೂ ಹಾಗೇ. ಆ ಕೈಯಲ್ಲೇ ಮನೆಗೆ ಬಂದು ಅತ್ತೆಯ ಮುಂದೆ ನಿಂತು, ಬೆರಳು ಚಾಚಿ, "ನೋಡ್ರಿ, ಎಲ್ಲಾ ಕೊಳತಾವ್ರಿ. ಬೈಯೂದಿದ್ರ ಬೈದ ಬಿಡ್ರಿ ಒಮ್ಮೆ" ಎಂದೆ.

ಅತ್ತೆ ಮಿಸರಿ ಉಗುಳಿ ಬಾಯಿ ಮುಕ್ಕಳಿಸಿದರು. ನನ್ನ ಕೈ ಹಿಡಿದು ಮೂಸಿ ನೋಡಿದರು. ಆಮೇಲೆ ನಗು ಬಂತು ಅವರಿಗೆ. ಎಷ್ಟು ತಿಂಗಳ ಮೇಲೆ ನನ್ನ ಮುಂದೆ ನಕ್ಕಿದ್ದರೋ.

"ಇದ ಅರಿಷಿಣಾ ಅಲ್ಲವಾ ಹುಡುಗಿ. ಕಬ್ಬೂ ಅಲ್ಲ. ಬೇರಿಗೆ ಕಣ್ಣಿಲ್ಲ ಇದಕ್ಕ. ಕಣ್ಣ ಇರೂದ ಬುಡಕ್ಕ. ಬುಡಾ ಒಗದ ಬೇರ ಹುಗದಿ ನೀ."

ಚಿಗುರು ಹೊರಡುವುದು ಬುಡದಿಂದ, ಬೇರು ಬರೀ ಅನ್ನದ ಗಂಟು. ಹೊಳೆದಂಡೆಯ ರೈತನ ಮಗಳು, ಅಷ್ಟು ನನಗೆ ತಿಳಿದಿರಲಿಲ್ಲ. ಸೊಕ್ಕು ಇಳಿಯಿತೇ ಎಂದರೆ ಪೂರ್ತಿ ಇಳಿಯಲಿಲ್ಲ, ಆದರೆ ಅವತ್ತಿನಿಂದ ಅತ್ತೆಯನ್ನು ಕೇಳದೆ ಗುಡ್ಡದಲ್ಲಿ ಒಂದು ಗಿಡವನ್ನೂ ನಾಟಲಿಲ್ಲ.

ಆ ಮಳೆಗಾಲದಲ್ಲಿ ಅತ್ತೆ ನನ್ನ ಜೊತೆ ಗುಡ್ಡ ಹತ್ತಿದರು. ಹಾರೆ ಹೋಗದ ಕಡೆ ಮಾತ್ರ ಹುಡುಕು ಎಂದರು. ಪಾಪಾಸಕಳ್ಳಿಯ ಪೊದೆಯೊಳಗೆ ಒಂದು ಬಳ್ಳಿ, ಬಂಡೆಗಳ ಬಿರುಕಿನಲ್ಲಿ ಮೂರು ಸಿಕ್ಕವು. ಇಡೀ ಗುಡ್ಡಕ್ಕೆ ನಾಲ್ಕು. ಅವುಗಳ ಮುಂದೆ ಅತ್ತೆ ಕುಕ್ಕರುಗಾಲಲ್ಲಿ ಕೂತು, ಬಳ್ಳಿಯ ತುದಿಯನ್ನು ಎತ್ತಿ ನೋಡಿ, "ಹೂ ಬಿಡ್ತಾವ" ಎಂದರು. ಚಳಿಗಾಲದವರೆಗೆ ನಾನು ಅವುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಹಣ್ಣು ಕೆಂಪಾದಾಗ ಹಕ್ಕಿಗಳಿಗೂ ನನಗೂ ದಿನಾ ಬೆಳಗ್ಗೆ ಪೈಪೋಟಿ. "ಅವಕ್ಕೂ ಒಂದಿಷ್ಟ ಬಿಡ. ಅವು ತಿಂದ ಹಿಕ್ಕಿ ಹಾಕಿದಲ್ಲೆ ಏಳತಾವ" ಎಂದರು ಅತ್ತೆ. ಹಣ್ಣು ಹಿಸುಕಿ, ತಿರುಳು ತೊಳೆದು, ಕರಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಬಟ್ಟೆಯ ಗಂಟಿನಲ್ಲಿ ಕಟ್ಟಿ ತೊಲೆಗೆ ತೂಗುಹಾಕಿದೆವು.

ಮುಂದಿನ ಮಿರಗಕ್ಕೆ ಒಡೆದ ಗಡಿಗೆಗಳಲ್ಲಿ, ಹಳೆಯ ಡಬ್ಬಿಗಳಲ್ಲಿ ಮಣ್ಣು ತುಂಬಿ ಬಿತ್ತಿದೆವು. ಬೀಜ ಗಟ್ಟಿ, ಮೊಳೆಯಲು ವಾರಗಟ್ಟಲೆ ಬೇಕು. ನನಗೆ ತಾಳ್ಮೆ ಎಲ್ಲಿಯದು? ದಿನಾ ಬೆರಳು ಹಾಕಿ ಕೆದರಿ ನೋಡುತ್ತಿದ್ದೆ. ಒಮ್ಮೆ ಅತ್ತೆ ಮುಂಗೈ ಮೇಲೆ ಪಟ್ಟೆಂದು ಹೊಡೆದರು. "ಹಡಿಯಾಕಿನ್ನ ದಿನಾ ಎಬ್ಬಿಸಿ ನೋಡ್ತಾರೇನ?" ಕೊನೆಗೆ ಒಂದು ಬೆಳಗ್ಗೆ ಹಸಿರು ದಾರದ ಎಳೆಯಂಥದ್ದು ಎದ್ದು ನಿಂತಿತ್ತು. ಯಜಮಾನರನ್ನು ಅಂಗಿ ಹಿಡಿದು ಎಳೆದುಕೊಂಡು ಬಂದು ತೋರಿಸಿದೆ. "ಇಷ್ಟನಾ?" ಎಂದರು. ಅವರ ಜೊತೆ ಅವತ್ತು ಇಡೀ ದಿನ ಮಾತು ಬಿಟ್ಟೆ.

ಮರುವರ್ಷ ಸಸಿಗಳನ್ನು ಗುಡ್ಡಕ್ಕೆ ಒಯ್ದು ಜಾಲಿಯ ಬುಡದಲ್ಲಿ, ಕಲ್ಲಿನ ಮಗ್ಗುಲಲ್ಲಿ ನಾಟಿದೆವು. ಆಡು ತಿನ್ನದಂತೆ ಸುತ್ತ ಜಾಲಿ ಮುಳ್ಳು. ಕುರುಬರ ಮುದುಕ ಒಬ್ಬನಿಗೆ ಅತ್ತೆ ಹೇಳಿದರು, ಅವನು ಕುರಿಗಳನ್ನು ಆ ಮಗ್ಗುಲಿಗೆ ಎರಡು ವರ್ಷ ಬಿಡಲಿಲ್ಲ. ಮೊದಲ ಬೇಸಿಗೆಯಲ್ಲಿ ಸಸಿಗಳು ಒಣಗಿ ಮಾಯವಾದಾಗ ನನ್ನ ಜೀವ ಹೋದಂತಾಗಿತ್ತು. ಮಳೆ ಬಿದ್ದಾಗ ಅರ್ಧಕ್ಕರ್ಧ ಮತ್ತೆ ಎದ್ದವು. ಹೀಗೆ ಪ್ರತಿ ವರ್ಷ ಒಂದಿಷ್ಟು ಬೀಜ, ಒಂದಿಷ್ಟು ಸಸಿ. ಈ ನಡುವೆ ನನಗೆ ಇಬ್ಬರು ಮಕ್ಕಳಾದರು; ಎರಡು ಸಲವೂ ಚಿಕ್ಕೋಡಿಯ ಡಬ್ಬಿಯ ಪುಡಿಯನ್ನೇ ಕುಡಿದೆ. ಅದರ ರುಚಿ ಗೋಡೆಗೆ ಬಳಿಯುವ ಸುಣ್ಣದ್ದು. ಮಾಡಿದ್ದು ಉಣ್ಣಬೇಕಲ್ಲ ಎಂದು ಮೂಗು ಮುಚ್ಚಿ ಕುಡಿದೆ.

ಆರೇಳು ವರ್ಷ ಕಳೆದವು. ಮಳೆಗಾಲದಲ್ಲಿ ಗುಡ್ಡದ ಒಂದು ಮಗ್ಗುಲು ಬಿಳಿ ಹೂವಿನಿಂದ ಮುಚ್ಚಿಹೋಗುತ್ತಿತ್ತು. ನಾನು ಅದರ ಕಾವಲಿಗೆ ನಿಂತೆ. ಕಟ್ಟಿಗೆಗೆ ಹೋದವರನ್ನು, ಹುಲ್ಲಿಗೆ ಹೋದವರನ್ನು, ಸುಮ್ಮನೆ ದಾರಿ ಹಿಡಿದು ಹೋದವರನ್ನೂ ಬಿಡುತ್ತಿರಲಿಲ್ಲ. "ಏನೈತಿ ಸೆರಗಿನ್ಯಾಗ, ತಗೀ" ಎಂದು ದಬಾಯಿಸುತ್ತಿದ್ದೆ. ಆ ವ್ಯಾಪಾರಿ ಮತ್ತೊಮ್ಮೆ ಬಂದಾಗ, ಟೆಂಪೊದ ಗಾಲಿ ನಮ್ಮ ಊರಿನ ಮಣ್ಣು ಮುಟ್ಟಿದರೆ ನೋಡು ಎಂದು ನಮ್ಮ ಭಾಗದ ದೇವಿ ಮಾಯಕ್ಕನ ಆಣೆ ಹಾಕಿ ಓಡಿಸಿದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಊರಲ್ಲಿ ನನಗೆ ಗುಡ್ಡದ ಫೌಜದಾರ, ಎಂದರೆ ಪೊಲೀಸ್ ಸಾಹೇಬ, ಎಂದು ಹೆಸರು ಬಿತ್ತು. ನನಗೆ ಅದು ಹೆಮ್ಮೆಯಾಗಿತ್ತು. ಆ ವರ್ಷಗಳಲ್ಲಿ ಒಂದು ಬೇರನ್ನೂ ಯಾರಿಗೂ ಅಗೆಯಗೊಡಲಿಲ್ಲ, ನಮ್ಮ ಮನೆಗೂ ತರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಮ್ಮ ಹೊಲಕ್ಕೆ ಕಳೆ ತೆಗೆಯಲು, ಕಡಲೆ ಕೀಳಲು ಬರುತ್ತಿದ್ದ ಒಬ್ಬ ಹೆಂಗಸಿದ್ದಳು. ಊರಾಚೆಯ ದಲಿತರ ಓಣಿಯವಳು, ಅವರು ಬೌದ್ಧರು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ನಾನು ಅವಳನ್ನು ನೀನು ಎಂದೇ ಕರೆಯುತ್ತಿದ್ದೆ. ಅವಳ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಆ ಹೆಂಗಸು ನಮ್ಮ ಅಂಗಳದ ಅಂಚಿಗೆ ಬಂದು ನಿಂತು, "ಆಯಿ ಅದಾರೇನ್ರಿ?" ಎಂದಳು.

"ಹೊಲಕ್ಕ ಹೋಗ್ಯಾರ. ಏನ ಬೇಕಾಗಿತ್ತ?"

"ಮಗಳ ಹಡದ ಐದ ದಿನಾ ಆತ್ರೀ. ಹಾಲ ಇಳಿವಲ್ದ. ಕೂಸ ಬಾಳ ಅಳಾಕತ್ತೈತಿ. ಎರಡ ಬೇರ ಸಿಕ್ರ..."

ಅವಳ ಮಾತು ಮುಗಿಯಲು ಬಿಡಲಿಲ್ಲ ನಾನು. "ಅವು ಇನ್ನಾ ಸಣ್ಣು ಅದಾವ. ಯಾರಿಗೂ ಕೊಡೂದಿಲ್ಲ."

"ಎರಡ ಸಾಕ್ರಿ, ವೈನಿ."

"ಎರಡ ಅಂತ ಹೇಳಿ ಗುಡ್ಡಾ ಹತ್ತೂದು, ಹತ್ತ ಕಿತಗೊಂಡ ಇಳಿಯೂದು. ನನಗ ಗೊತ್ತಿಲ್ಲೇನ ನಿಮ್ಮ ಮಂದಿ?"

ಅವಳು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ತಿರುಗಿ ಹೋದಳು. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ನಮ್ಮ ಓಣಿಯವಳು ಯಾರಾದರೂ ಬಂದಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ, ಆದರೆ ಒಳಗೆ ಕರೆದು ಕೂಡಿಸಿ, ಚಹಾ ಕೊಟ್ಟು ಇಲ್ಲ ಎನ್ನುತ್ತಿದ್ದೆ. ಆ 'ನಿಮ್ಮ ಮಂದಿ' ಎಂಬ ಮಾತು ಬರುತ್ತಿರಲಿಲ್ಲ. ಅದು ಗುಡ್ಡದ ಮೇಲಿನ ಪ್ರೀತಿಯಿಂದ ಬಂದ ಮಾತಲ್ಲ.

ಅತ್ತೆ ಬಂದಾಗ ನಾನು ಇದನ್ನೆಲ್ಲ ಹೆಚ್ಚುಗಾರಿಕೆಯಿಂದಲೇ ಹೇಳಿದೆ, ಹೇಗೆ ಗಟ್ಟಿಯಾಗಿ ನಿಂತೆ ನೋಡಿ ಎನ್ನುವಂತೆ. ಅವರು ತಲೆಯ ಮೇಲಿನ ಮೇವಿನ ಹೊರೆಯನ್ನು ಇಳಿಸುತ್ತಿದ್ದರು. ಇಳಿಸಿ, ನೆಟ್ಟಗೆ ನಿಂತರು.

"ಏನಂದಿ ನೀ?"

ಮತ್ತೊಮ್ಮೆ ಹೇಳಿದೆ, ಈ ಸಲ ದನಿ ಸಣ್ಣದಾಗಿತ್ತು.

"ಅವತ್ತ ಗುಡ್ಡಾ ಬೋಳ ಮಾಡಿದಾಗ ನಿನಗ ಒಂದ ಮಾತ ಅಂದಿಲ್ಲ ನಾ. ಇವತ್ತ ಅಂತೀನಿ, ಕೇಳ" ಎಂದರು.  "ನನ್ನ ಕಡೆ ಇಲ್ಲದಾಗ ಇಲ್ಲ ಅಂದೆ, ನನಗ ನಾಚಿಕಿ ಆತು. ಇದ್ದ ಇಟಗೊಂಡ ಇಲ್ಲ ಅಂದ್ಯಲ್ಲ ನೀ, ನಿನಗ ನಾಚಿಕಿ ಆಗ್ಲಿಲ್ಲೇನ? ಯಾರಿಗೆ ಬೆಳಿಸೀದಿ ಅದನ್ನ? ನೋಡಿ ಕೈ ಮುಗಿಯಾಕ?"

"ಅತ್ತಿ, ಮತ್ತ ಎಲ್ಲಾ ಹ್ವಾದ್ರ?"

"ನಡಿ ಗುಡ್ಡಕ್ಕ."

ಅವರ ಮೊಣಕಾಲು ಆಗಲೇ ಹಿಡಿದುಕೊಳ್ಳುತ್ತಿತ್ತು. ಅರ್ಧ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಕೂತು, ಎಲ್ಲಕ್ಕಿಂತ ಹಳೆಯ ಬುಡವೊಂದನ್ನು ಕೈ ಮಾಡಿ ತೋರಿಸಿದರು. ಹಣ್ಣು ಉದುರಿ ಹೋಗಿದ್ದವು, ಅಗೆಯುವ ಕಾಲವೇ ಅದು. ಕುರ್ಪಿ ಹಿಡಿದು ಕೂತೆ, ಕೈ ಏಳಲಿಲ್ಲ. ಅಷ್ಟು ವರ್ಷ ಮುಳ್ಳು ಕಟ್ಟಿ, ನೀರು ಹೊತ್ತು ಸಾಕಿದ್ದು. ನನ್ನ ಕೂಸಿಗೆ ನಾನೇ ಸೂಜಿ ಚುಚ್ಚಿದಂತೆ ಅನ್ನಿಸಿ ಅಳು ಬಂತು.

"ಅಗಿ" ಎಂದರು ಅತ್ತೆ. ದನಿಯಲ್ಲಿ ಸಿಟ್ಟು ಇಳಿದಿತ್ತು. "ಒಂದ ಮಗ್ಗಲಕ್ಕ ಅಗಿ. ಒಳಗ ನೋಡ."

ಮಣ್ಣು ಕೆದರಿದೆ. ಬೇರುಗಳು ಒಂದಕ್ಕೊಂದು ಒತ್ತಿ ಹೆಣೆದುಕೊಂಡಿದ್ದವು. ಹೊರಗಿನವು ದಪ್ಪಗೆ, ಬೆಳ್ಳಗೆ ಇದ್ದವು. ಬುಡಕ್ಕೆ ಹತ್ತಿದ ಹಳೆಯವು ಐದಾರು ಪೊಳ್ಳಾಗಿ, ಕಪ್ಪಾಗಿ, ಹಿಸುಕಿದರೆ ಪುಡಿಯಾಗುತ್ತಿದ್ದವು. ಅತ್ತೆಗೆ ತೋರಿಸಿದೆ.

"ಕಂಡಿ? ಜಾಗಾ ಇಲ್ಲ ಅದಕ್ಕ. ತಗದ್ರ ಹೊಸಾ ಬೇರ ಬಿಡತೈತಿ. ಬರೇ ಕಾದ್ರ ಒಳಗ ಕೊಳೀತೈತಿ. ಪೂರಾ ಕಿತ್ರೂ ಸಾಯ್ತೈತಿ, ಮುಟ್ಟಲಿಲ್ಲಂದ್ರೂ ಸೊರಗತೈತಿ" ಎಂದರು.

ಕೊಳೆತವನ್ನು ಬಿಡಿಸಿ ತೆಗೆದೆ. ಒಂದು ಮಗ್ಗುಲಿನ ಹತ್ತು ಹನ್ನೆರಡು ಒಳ್ಳೆಯ ಬೇರನ್ನು ಸೆರಗಿಗೆ ಹಾಕಿಕೊಂಡು, ಮಣ್ಣು ಮುಚ್ಚಿ ಒತ್ತಿ, ಅಗೆದ ಮಗ್ಗುಲಿಗೆ ಒಂದು ಕಲ್ಲು ಇಟ್ಟೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಕೆಲಸವನ್ನು ಸರಿಯಾಗಿ ಮಾಡಿದ್ದೆ. ಅತ್ತೆ ಎದ್ದು ಸೀರೆ ಕೊಡವಿಕೊಂಡು, "ನೀನ ಒಯ್ದ ಕೊಡ. ನಾ ಬರೂದಿಲ್ಲ" ಎಂದರು.

ಹತ್ತು ವರ್ಷ ಆ ಊರಲ್ಲಿದ್ದೆ, ಆ ಓಣಿಯೊಳಗೆ ಕಾಲಿಟ್ಟಿರಲಿಲ್ಲ. ಕೇಳುತ್ತ ಹೋದೆ. ತಗಡಿನ ಮನೆ, ಸಾರಿಸಿದ ಅಂಗಳ, ಬಾಗಿಲ ಮೇಲೆ ಬುದ್ಧನ ಪಟ. ಒಳಗೆ ಕೂಸು ಅಳುತ್ತಿತ್ತು, ದನಿ ಬತ್ತಿದ ಅಳು. ಅವಳು ಹೊರಗೆ ಬಂದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು ಸೆರಗು ಬಿಚ್ಚಿ ಹಿಡಿದೆ. ಅವಳು ಬೇರುಗಳನ್ನು ನೋಡಿದಳು. ಅವಳ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಕಳವಳ ಕಂಡಿತು.

"ಇಷ್ಟ? ಬುಡಕ್ಕ ಎಷ್ಟ ಬಿಟ್ರಿ?" ಎಂದು ಕೇಳಿದಳು.

"ಅರ್ಧಕ್ಕಿಂತ ಹೆಚ್ಚ ಬಿಟ್ಟೀನಿ. ಬುಡಾ ಮುಟ್ಟಿಲ್ಲ" ಎಂದೆ. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ.

"ಹಂಗಿದ್ರ ಆತು" ಎಂದು ಮಡಿಲು ಒಡ್ಡಿ ತೆಗೆದುಕೊಂಡಳು. ಒಳಗೆ ಕರೆದು ಚಾಪೆ ಹಾಸಿದಳು. ನಾವಿಬ್ಬರೂ ಕೂತು ಸಿಪ್ಪೆ ಸುಲಿದೆವು. ನಾನು ಕ್ಷಮೆ ಕೇಳಿದೆನೇ ಎಂದರೆ, ಕೇಳಿದೆ. ಸುಲಿಯುವ ಬೇರಿನ ಮೇಲಿಂದ ಕಣ್ಣೆತ್ತದೆ, ನೆಟ್ಟಗೆ ನಾಲ್ಕು ಮಾತು ಕೂಡಿಸಲಾರದೆ ಕೇಳಿದೆ. ಅವಳು, "ನಾರ ಪೂರಾ ತಗೀರಿ, ಇಲ್ಲಂದ್ರ ಗಂಟಲಕ್ಕ ಹತ್ತತೈತಿ" ಎಂದಳು.

ಮನಸ್ಸು ತಡೆಯದೆ ನಾಲ್ಕನೆಯ ದಿನ ಮತ್ತೆ ಹೋದೆ. ಬಾಗಿಲಲ್ಲಿ ನಿಂತಾಗಲೇ ತಿಳಿಯಿತು, ಒಳಗೆ ಸದ್ದಿಲ್ಲ. ಕೂಸು ತಾಯಿಯ ಎದೆಗೆ ಬಾಯಿ ಹಚ್ಚಿಕೊಂಡೇ ನಿದ್ದೆ ಹೋಗಿತ್ತು, ಗದ್ದದ ಮೇಲೆ ಹಾಲಿನ ಹನಿ. ಬೇರಿನಿಂದ ಇಳಿಯಿತೋ, ಕೂಸು ಚೀಪಿ ಚೀಪಿ ಇಳಿಯಿತೋ, ಅದನ್ನು ನಾನು ಹೇಳಲಾರೆ. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಹೊರಡುವಾಗ ಅವಳು, "ಒಂಚೂರ ಹಿತ್ತಲಕ್ಕ ಬರ್ರಿ" ಎಂದು ಕರೆದಳು.

ಹಿತ್ತಲ ಗೋಡೆಯ ಬುಡದಲ್ಲಿ ಮೂರು ಎಣ್ಣೆ ಡಬ್ಬಿ, ಸುತ್ತ ಜಾಲಿ ಮುಳ್ಳು. ಒಂದೊಂದು ಡಬ್ಬಿಯಲ್ಲೂ ಗೇಣುದ್ದದ ತಾಯಿಬೇರಿನ ಸಸಿ. ಒಂದೂ ಬಾಡಿರಲಿಲ್ಲ. ಗುಡ್ಡದ ಕೆಳಗೆ ಹುಲ್ಲು ಕೊಯ್ಯುವಾಗ ಹಕ್ಕಿ ಉದುರಿಸಿದ ಬೀಜ ಸಿಕ್ಕಿದ್ದವಂತೆ, ಎರಡು ವರ್ಷದ ಹಿಂದೆ. ಸೆರಗಿನಲ್ಲಿ ಏನಿದೆ ತೆಗಿ ಎಂದು ನಾನು ಗುಡ್ಡದ ದಾರಿಯಲ್ಲಿ ಕೂಗಾಡುತ್ತಿದ್ದ ಆ ದಿನಗಳಲ್ಲೇ.

"ಇವು ಅಗಿಯೂವಷ್ಟ ದೊಡ್ಡೂ ಇಲ್ಲ. ಅದಕ್ಕ ನಿಮ್ಮನಿಗೆ ಬಂದಿದ್ದೆ ಅವತ್ತ" ಎಂದಳು. ಡಬ್ಬಿಯ ಮೇಲಿನ ಒಣ ಎಲೆಯೊಂದನ್ನು ಎತ್ತಿ ಹಾಕಿ, ನನ್ನ ಕಡೆ ನೋಡದೆಯೇ ಕೇಳಿದಳು. "ಮಳಿಗಾಲದಾಗ ಗುಡ್ಡಕ್ಕ ಒಯ್ದ ಹಚ್ಚಬೇಕಂತ ಮಾಡೇನ್ರಿ. ಹಚ್ಚಾಕ ನಿಮ್ಮನ್ನ ಕೇಳಬೇಕೇನ್ರಿ, ವೈನಿ?"

ಅವಳು ಚುಚ್ಚಲು ಕೇಳಿದ್ದಲ್ಲ. ಕೇಳಬೇಕಾಗುತ್ತದೆ ಎಂದು ನಿಜವಾಗಿಯೂ ತಿಳಿದಿದ್ದಳು.

"ಕೇಳಬ್ಯಾಡ್ರಿ ಅಕ್ಕಾ" ಎಂದೆ. "ಹೋಗೂ ಮುಂದ ನನಗೊಂದ ಮಾತ ಹೇಳ್ರಿ. ಡಬ್ಬಿ ನಾ ಹೊರತೀನಿ."